ಟೇಬಲ್ ಗರಗಸ ಹಲಗೆಯನ್ನು ಹಿಂದಕ್ಕೆ ಒದೆಯುತ್ತಿದೆಯಾ? ದೋಷ ಹುಡುಕುವ ಬಗೆ, ಮನೆಯಲ್ಲೇ ಮಾಡಿಕೊಳ್ಳುವ ಸಲಕರಣೆಗಳು

ಶಿರಸಿ ಕಡೆ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಸಣ್ಣ ಟೇಬಲ್ ಗರಗಸ ಇದೆ. ಜೇನುಪೆಟ್ಟಿಗೆ, ಅದರೊಳಗಿನ ಚೌಕಟ್ಟು, ಕಿಟಕಿಯ ರೀಪು, ಹೀಗೆ ಮನೆ ಮಟ್ಟಿನ ಕೆಲಸಕ್ಕೆ ಇಟ್ಟುಕೊಂಡದ್ದು. ಹೋದ ಬೇಸಿಗೆಯಲ್ಲಿ ಸಿಲ್ವರ್ ಓಕ್ ಹಲಗೆಯಿಂದ ಚೌಕಟ್ಟಿಗೆ 10 ಮಿ.ಮೀ. ಪಟ್ಟಿಗಳನ್ನು ಸೀಳುತ್ತಿದ್ದೆ. ಮೂರು ಪಟ್ಟಿ ಚೆನ್ನಾಗಿ ಬಂದವು. ನಾಲ್ಕನೆಯದು ಮುಗಿಯಲು ಇನ್ನೊಂದು ಗೇಣು ಇದೆ ಅನ್ನುವಾಗ ಮೋಟರಿನ ಸದ್ದು ಕುಗ್ಗಿತು. ಏನಾಯಿತು ಅಂತ ನೋಡುವಷ್ಟರಲ್ಲಿ ಹಲಗೆ ಮೇಲೆದ್ದು ನನ್ನ ಸೊಂಟಕ್ಕೆ ಬಡಿಯಿತು. ಅಲ್ಲಿಂದ ಹಾರಿ ಹಿಂದಿನ ಬಾಗಿಲಿಗೆ ಹೊಡೆದು ಬಿತ್ತು. ಸೊಂಟದ ಮೇಲೆ ಕಪ್ಪು ಕಟ್ಟಿದ್ದು ಆರಲು ಮೂರು ವಾರ ಬೇಕಾಯಿತು. ಕೈ ಬ್ಲೇಡಿನ ಹತ್ತಿರ ಇರಲಿಲ್ಲ. ಇದ್ದಿದ್ದರೆ ಈ ಬರಹ ಬರೆಯುವ ಸ್ಥಿತಿಯಲ್ಲಿ ನಾನು ಇರುತ್ತಿರಲಿಲ್ಲ.

ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ನನ್ನ ಹಾಗೆ ಮನೆಯಲ್ಲಿ ಮರಗೆಲಸ ಮಾಡುವ ತುಂಬಾ ಜನ ಇದನ್ನು ಕೈ ತಪ್ಪಿದ್ದು ಅಂತಲೇ ತಿಳಿಯುತ್ತಾರೆ. ಮುಂದಿನ ಸಲ ಇನ್ನೂ ಬಿಗಿಯಾಗಿ ಹಿಡಿದರಾಯಿತು ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಹಲಗೆ ಒದ್ದಿದೆ ಅಂದರೆ ಮೆಷಿನ್‌ನಲ್ಲೋ ಮರದಲ್ಲೋ ತಳ್ಳುವ ರೀತಿಯಲ್ಲೋ ಒಂದು ದೋಷ ಇದೆ. ಆ ದೋಷ ಸಿಗುವ ತನಕ ಬಿಗಿಹಿಡಿತದಿಂದ ಪ್ರಯೋಜನ ಇಲ್ಲ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4800 ಸುತ್ತು ತಿರುಗುವಾಗ ಅದರ ಹಲ್ಲಿನ ತುದಿ ಗಂಟೆಗೆ ಸುಮಾರು 230 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ಎಳೆತವನ್ನು ತಡೆಯುವ ಕೈ ಯಾರಿಗೂ ಇಲ್ಲ.

ತಳ್ಳುಕೋಲು, ಬಾಚಣಿಗೆ ಹಲಗೆ, ಸ್ಪ್ಲಿಟರ್ ಅಂತ ಮನೆಯಲ್ಲೇ ಮಾಡಿಕೊಳ್ಳುವ ಸಲಕರಣೆಗಳು ಹಲವು ಇವೆ. ಒಂದೊಂದೂ ಒಂದೊಂದು ದೋಷಕ್ಕೆ ಮದ್ದು. ಯಾವ ದೋಷ ಅಂತ ತಿಳಿಯದೆ ಎಲ್ಲವನ್ನೂ ಮಾಡಿ ಗೋಡೆಗೆ ತೂಗುಹಾಕಿದರೆ ಒಂದೂ ಕೆಲಸಕ್ಕೆ ಬರುವುದಿಲ್ಲ. ಕೆಲವನ್ನು ತಪ್ಪು ಜಾಗದಲ್ಲಿ ಕಟ್ಟಿದರೆ ಅವೇ ಅಪಾಯ ತರುತ್ತವೆ. ಅದಕ್ಕೇ ಮೊದಲು ಪತ್ತೆ, ಆಮೇಲೆ ಮದ್ದು.

ಮರ ಯಾಕೆ ಒದೆಯುತ್ತದೆ

ಬ್ಲೇಡನ್ನು ಪಕ್ಕದಿಂದ ನೋಡಿ. ನಿಮ್ಮ ಕಡೆಗಿರುವ ಹಲ್ಲುಗಳು ಕೆಳಕ್ಕೆ ಇಳಿಯುತ್ತವೆ. ಅವು ಮರವನ್ನು ಟೇಬಲ್ಲಿಗೆ ಒತ್ತಿ ಹಿಡಿಯುತ್ತವೆ. ಹಿಂಬದಿಯ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಮೇಲೆದ್ದ ಹಲ್ಲು ತಲೆಯ ಮೇಲಿಂದ ನಿಮ್ಮ ಕಡೆಗೇ ಬರುತ್ತದೆ. ಮರಕ್ಕೆ ಮುಂದಿನ ಹಲ್ಲು ಮಾತ್ರ ತಾಗುತ್ತಿರುವ ತನಕ ಎಲ್ಲ ಸರಿ. ಹಿಂದಿನ ಹಲ್ಲಿಗೆ ಮರ ಒತ್ತಿಕೊಂಡಿತೋ, ಅದು ಮರವನ್ನು ಎತ್ತಿ, ಬ್ಲೇಡಿನ ತಲೆ ಮೇಲೆ ಕೂರಿಸಿ, ನಿಮ್ಮತ್ತ ಎಸೆಯುತ್ತದೆ.

ಹಾಗಾಗಿ ನಾವು ಹುಡುಕಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ಮರ ಹಿಂದಿನ ಹಲ್ಲಿಗೆ ಹೋಗಿ ತಾಗಿದ್ದು ಹೇಗೆ? ಫೆನ್ಸ್, ಅಂದರೆ ಹಲಗೆಯನ್ನು ಒರಗಿಸಿ ತಳ್ಳಲು ಬ್ಲೇಡಿನ ಪಕ್ಕದಲ್ಲಿರುವ ನೇರ ಪಟ್ಟಿ, ಹಿಂದೆ ಕಿರಿದಾಗಿ ಮರವನ್ನು ಬ್ಲೇಡಿಗೆ ಅಮುಕಿರಬಹುದು. ಸೀಳಿದ ಸಂದು ತಾನೇ ಮುಚ್ಚಿಕೊಂಡಿರಬಹುದು. ಇಲ್ಲವೇ ಮರ ಫೆನ್ಸ್ ಬಿಟ್ಟು ಓರೆಯಾಗಿ ತಿರುಗಿರಬಹುದು. ಹೆಚ್ಚುಕಮ್ಮಿ ಎಲ್ಲ ಒದೆತಗಳೂ ಈ ಮೂರರೊಳಗೆ ಬರುತ್ತವೆ.

ಒದ್ದ ಹಲಗೆಯನ್ನು ಎಸೆಯಬೇಡಿ

ಅದೇ ಮೊದಲ ಸಾಕ್ಷಿ. ಪ್ಲಗ್ ಕಿತ್ತು, ಐದು ನಿಮಿಷ ಕೂತು, ಆ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ. ನನ್ನ ಹಲಗೆಯ ಅಡಿಯಲ್ಲಿ ಕುಡುಗೋಲಿನ ಆಕಾರದ ಒಂದು ಗೀರು ಇತ್ತು. ಕೊಯ್ತದ ಅಂಚಿನಿಂದ ಶುರುವಾಗಿ ಒಳಕ್ಕೆ ಬಾಗಿ ಹೋಗಿತ್ತು. ಹಲಗೆ ಬ್ಲೇಡಿನ ತಲೆ ಮೇಲೆ ಹತ್ತಿ ತಿರುಗಿದ್ದರ ಗುರುತು ಅದು. ಗೀರು ಇನ್ನೊಂದು ಗೇಣು ಹಿಂದಿದ್ದಿದ್ದರೆ ಅಲ್ಲಿ ನನ್ನ ಎಡಗೈ ಇರುತ್ತಿತ್ತು.

ಆಮೇಲೆ ಸೀಳಿದ ಮುಖ ನೋಡಿ. ಸುಟ್ಟ ಕಲೆ ಇದೆಯಾ, ಇದ್ದರೆ ಯಾವ ಕಡೆಯ ತುಂಡಿನ ಮೇಲೆ? ಇದು ತುಂಬಾ ಮುಖ್ಯ. ಫೆನ್ಸ್ ಕಡೆಯ ತುಂಡಿನ ಮುಖ ಸುಟ್ಟಿದ್ದರೆ ಫೆನ್ಸ್ ಮರವನ್ನು ಬ್ಲೇಡಿನ ಹಿಂಭಾಗಕ್ಕೆ ಒತ್ತುತ್ತಿದೆ. ಆಚೆ ಬೀಳುವ ತುಂಡಿನ ಮುಖ ಮಾತ್ರ ಸುಟ್ಟಿದ್ದರೆ ಮರ ಫೆನ್ಸ್ ಬಿಟ್ಟು ಸರಿಯುತ್ತಿದೆ, ಅಥವಾ ಆ ತುಂಡು ಬಾಗಿ ಬ್ಲೇಡಿಗೆ ಒರಗುತ್ತಿದೆ. ಎರಡೂ ಕಡೆ ಸುಟ್ಟಿದ್ದರೆ ಮೊದಲು ಬ್ಲೇಡಿನ ಮೇಲೆ ಅನುಮಾನ ಪಡಿ. ಹಲ್ಲು ಮೊಂಡಾಗಿರಬಹುದು, ಅಂಟು ಕಟ್ಟಿರಬಹುದು, ಅಥವಾ ನೀವು ತೀರಾ ನಿಧಾನ ತಳ್ಳುತ್ತಿರಬಹುದು. ಅಂಟು ಕಟ್ಟಿದ ಬ್ಲೇಡನ್ನು ಬಿಚ್ಚಿ, ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ಕಾಲು ಗಂಟೆ ಇಟ್ಟು, ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಸಾಕು. ಒರೆಸಿ ಪೂರ್ತಿ ಒಣಗಿಸಿ. ಮೊಂಡಾಗಿದೆ ಅಂತ ತಿಳಿದಿದ್ದ ಎಷ್ಟೋ ಬ್ಲೇಡುಗಳು ಬರೀ ಕೊಳೆಯಾಗಿರುತ್ತವೆ.

ಸೀಳಲು 24 ಹಲ್ಲಿನ ಬ್ಲೇಡ್ ಹಾಕಿ. 60 ಹಲ್ಲಿನ ಪ್ಲೈವುಡ್ ಬ್ಲೇಡಿನಲ್ಲಿ ದಪ್ಪ ಹಲಗೆಯನ್ನು ಉದ್ದಕ್ಕೆ ಸೀಳಿದರೆ ಹಲ್ಲುಗಳ ನಡುವೆ ಪುಡಿ ತುಂಬಿಕೊಂಡು ಸುಡುತ್ತದೆ.

ಫೆನ್ಸ್ ಅಳೆಯಲು ಒಂದು ಸ್ಕ್ರೂ, ನಾಲ್ಕು ಕಾಗದ

ನನ್ನ ಹಲಗೆಯ ಫೆನ್ಸ್ ಕಡೆಯ ಮುಖ ಸುಟ್ಟಿತ್ತು. ಹಾಗಾಗಿ ಮೊದಲ ಅನುಮಾನ ಫೆನ್ಸ್ ಮೇಲೆ. ಟೇಪಿನಲ್ಲಿ ಅಳೆದರೆ ಮುಂದೆ ಹಿಂದೆ ಒಂದೇ ಬರುತ್ತಿತ್ತು. ಇಲ್ಲಿ ಲೆಕ್ಕಕ್ಕೆ ಬರುವುದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಟೇಪಿಗೆ ಅದು ಸಿಗುವುದಿಲ್ಲ.

ನಾನು ಬಳಸುವ ಅಳತೆಗೋಲು ಇದು. ಟೇಬಲ್ ಮೇಲೆ ಬ್ಲೇಡಿನ ಪಕ್ಕದಲ್ಲಿ ಉದ್ದ ಸ್ಲಾಟ್ ಇರುತ್ತದಲ್ಲ, ಅದರೊಳಗೆ ಅಲುಗಾಡದೆ ಜಾರುವ ಒಂದು ಪಟ್ಟಿ ಮಾಡಿಕೊಳ್ಳಿ. ಅದರ ಮೇಲೆ ಅಡ್ಡವಾಗಿ, ಮೂಲೆಮಟ್ಟ ಇಟ್ಟು ನೇರ ನೋಡಿ, ಇನ್ನೊಂದು ತುಂಡು ಪಟ್ಟಿ ಕೂರಿಸಿ. ಅಡ್ಡಪಟ್ಟಿಯ ತುದಿಗೆ ಬ್ಲೇಡಿನ ಕಡೆ ಮುಖ ಮಾಡಿ ಉಂಡೆ ತಲೆಯ ಒಂದು ಹಿತ್ತಾಳೆ ಸ್ಕ್ರೂ ಹಾಕಿ. ಅಷ್ಟೇ.

ಪ್ಲಗ್ ಕಿತ್ತಿರಲಿ. ಬ್ಲೇಡನ್ನು ಪೂರ್ತಿ ಮೇಲೆತ್ತಿ. ಒಂದು ಹಲ್ಲಿಗೆ ಮಾರ್ಕರಿನಲ್ಲಿ ಗುರುತು ಹಾಕಿ ಅದನ್ನು ಮುಂದಕ್ಕೆ ತನ್ನಿ. ಸ್ಕ್ರೂವನ್ನು ತಿರುಗಿಸುತ್ತಾ ಬ್ಲೇಡನ್ನು ಕೈಯಲ್ಲಿ ಮೆಲ್ಲಗೆ ಅತ್ತಿತ್ತ ಆಡಿಸಿ. ಹಲ್ಲು ಸ್ಕ್ರೂವಿಗೆ ಸವರಿ 'ಟಿಕ್' ಅನ್ನುವ ಸದ್ದು ಬಂದ ಕೂಡಲೇ ನಿಲ್ಲಿಸಿ. ಈಗ ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ, ಪಟ್ಟಿಯನ್ನೂ ಹಿಂದಕ್ಕೆ ಜಾರಿಸಿ. ಅದೇ ಮೆಲುವಾದ ಟಿಕ್ ಬಂದರೆ ಬ್ಲೇಡ್ ನೇರ ಇದೆ. ಸದ್ದೇ ಬರದಿದ್ದರೆ ನಡುವೆ ಕಾಗದ ತೂರಿಸಿ ನೋಡಿ. ಪ್ರಿಂಟರಿಗೆ ಹಾಕುವ ಮಾಮೂಲಿ ಹಾಳೆ ಒಂದಕ್ಕೆ ಸುಮಾರು 0.1 ಮಿ.ಮೀ. ದಪ್ಪ. ಎಷ್ಟು ಹಾಳೆ ಹಿಡಿಯಿತೋ ಅಷ್ಟು ತಪ್ಪು. ಮುಂದೆ ಹಿಂದೆ ಒಂದೇ ಹಲ್ಲಿನಲ್ಲಿ ಯಾಕೆ ನೋಡಬೇಕು ಅಂದರೆ, ಬ್ಲೇಡ್ ಸ್ವಲ್ಪ ಸೊಟ್ಟಗಿದ್ದರೂ ಆಗ ಅದು ಅಳತೆಯನ್ನು ಕೆಡಿಸುವುದಿಲ್ಲ.

ಬ್ಲೇಡ್ ಸ್ಲಾಟಿಗೆ ನೇರ ಇದೆ ಅಂತ ಖಚಿತವಾದ ಮೇಲೆ ಅದೇ ಸಲಕರಣೆಯನ್ನು ತಿರುಗಿಸಿ ಫೆನ್ಸ್ ನೋಡಿ. ಫೆನ್ಸನ್ನು ಬಿಗಿ ಮಾಡಿಯೇ ನೋಡಬೇಕು, ಯಾಕಂದ್ರೆ ಅಗ್ಗದ ಫೆನ್ಸುಗಳು ಬಿಗಿ ಮಾಡುವಾಗಲೇ ಓರೆಯಾಗುತ್ತವೆ. ನನ್ನದು ಹಿಂದೆ ಮೂರು ಹಾಳೆಯಷ್ಟು ಬ್ಲೇಡಿನ ಕಡೆಗೆ ವಾಲಿತ್ತು. 0.3 ಮಿ.ಮೀ. ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಹಲಗೆ ಮುಂದೆ ಹೋದಷ್ಟೂ ಅದಕ್ಕೆ ಜಾಗ ಕಡಿಮೆಯಾಗುತ್ತಾ ಬರುತ್ತದೆ. ಕೊನೆಗೆ ಹಿಂದಿನ ಹಲ್ಲಿಗೆ ಒತ್ತಲೇಬೇಕು.

ಫೆನ್ಸಿನ ಬೋಲ್ಟ್ ಸಡಿಲಿಸಿ, ಹಿಂದೆ ಒಂದು ಹಾಳೆಯಷ್ಟು ಅಗಲ ಇರುವ ಹಾಗೆ ಕೂರಿಸಿ. ಪೂರ್ತಿ ಸಮ ಇದ್ದರೂ ಆದೀತು. ಹಿಂದೆ ಕಿರಿದಾಗುವುದು ಮಾತ್ರ ಆಗದು. ಹಿಂಬದಿ ಅಲುಗಾಡುವ ಫೆನ್ಸ್ ಆದರೆ ಅಲ್ಲೊಂದು ಸಿ ಕ್ಲಾಂಪ್ ಹಾಕಿಯೇ ಕೆಲಸ ಮಾಡಿ.

ಸಂದು ಮುಚ್ಚಿಕೊಳ್ಳುತ್ತಿದ್ದರೆ

ಫೆನ್ಸ್ ಸರಿ ಮಾಡಿ ಅದೇ ಸಿಲ್ವರ್ ಓಕ್ ಹಲಗೆಯನ್ನು ಮತ್ತೆ ಇಟ್ಟೆ. ಸುಡುವುದು ನಿಂತಿತು. ಆದರೂ ಅರ್ಧ ದಾರಿಯಲ್ಲಿ ಮೋಟರ್ ಸದ್ದು ಕುಗ್ಗಿತು. ಆ ದಿನ ಪಕ್ಕದ ಮನೆಯ ಬಾಗಿಲು ಸರಿ ಮಾಡಲು ಬಂದಿದ್ದ ಆಚಾರ್ರು ಕೊಟ್ಟಿಗೆಯ ಹೊರಗೆ ನಿಂತೇ ಕೂಗಿದರು. "ನಿಲ್ಸು ತಮ್ಮಾ, ಮರ ಹಿಡೀತಾ ಉಂಟು. ಸದ್ದು ಕೇಳ್ತಾ ಇಲ್ವಾ?" ಅವರು ಒಳಗೆ ಬಂದು ಹಲಗೆ ನೋಡಲಿಲ್ಲ, ಸಂದು ನೋಡಿದರು. ಬ್ಲೇಡಿನ ಹತ್ತಿರ ಒಂದು ನಾಣ್ಯ ಸಲೀಸಾಗಿ ಹೋಗುತ್ತಿತ್ತು. ಹಲಗೆಯ ತುದಿಯಲ್ಲಿ ಉಗುರೂ ಹೋಗುತ್ತಿರಲಿಲ್ಲ.

ಮರ ಬೆಳೆಯುವಾಗಲೇ ಅದರೊಳಗೆ ಎಳೆತ ತುಂಬಿಕೊಂಡಿರುತ್ತದೆ. ಬೇಗ ಬೇಗ ಒಣಗಿಸಿದ ಹಲಗೆಯಲ್ಲಂತೂ ಹೊರಗೊಂದು ಬಿಗಿ, ಒಳಗೊಂದು ಬಿಗಿ. ಸೀಳಿದ ಕೂಡಲೇ ಆ ಬಿಗಿ ಬಿಟ್ಟು ಎರಡು ತುಂಡುಗಳೂ ಬಾಗುತ್ತವೆ. ಕೆಲವು ಹೊರಕ್ಕೆ ಅರಳುತ್ತವೆ, ಕೆಲವು ಒಳಕ್ಕೆ ಕೂಡಿಕೊಳ್ಳುತ್ತವೆ. ನೀಲಗಿರಿ ಮರ ಈ ವಿಷಯದಲ್ಲಿ ಹೆಸರುವಾಸಿ. ಇಳಿಜಾರಿನಲ್ಲಿ ವಾಲಿ ಬೆಳೆದ ಮರ, ಕೊಂಬೆಯಿಂದ ತೆಗೆದ ಹಲಗೆ, ತಿರುಳು ನಡುವೆ ಬಂದಿರುವ ಹಲಗೆ, ಇವೆಲ್ಲ ಹೀಗೇ. ಇದು ಮೆಷಿನ್ ದೋಷ ಅಲ್ಲ. ಫೆನ್ಸ್ ಎಷ್ಟು ನೇರ ಇದ್ದರೂ ಈ ಮರ ಹಿಡಿಯುತ್ತದೆ.

ಇದಕ್ಕೆ ಮದ್ದು ಬ್ಲೇಡಿನ ಹಿಂದೆ ನಿಲ್ಲುವ ತೆಳು ಬೆಣೆ. ನಿಮ್ಮ ಮೆಷಿನ್ ಜೊತೆಗೆ ರೈವಿಂಗ್ ನೈಫ್ ಬಂದಿದ್ದರೆ ದಯವಿಟ್ಟು ಅದನ್ನು ಬಿಚ್ಚಿಡಬೇಡಿ. ಬ್ಲೇಡಿನ ಜೊತೆಗೇ ಏರಿಳಿಯುವ ಆ ಉಕ್ಕಿನ ತಗಡಿಗೆ ಸಮನಾದದ್ದನ್ನು ಮನೆಯಲ್ಲಿ ಮಾಡಲು ಆಗುವುದಿಲ್ಲ. ನನ್ನದು ಹಳೇ ಮೆಷಿನ್, ಅದರಲ್ಲಿ ಇರಲಿಲ್ಲ. ಹಾಗಾಗಿ ಸ್ಪ್ಲಿಟರ್ ಮಾಡಿಕೊಂಡೆ.

ಮೊದಲು ಬ್ಲೇಡ್ ಸುತ್ತಲಿನ ತಟ್ಟೆ. ಕಂಪನಿಯವರು ಕೊಡುವ ತಟ್ಟೆಯಲ್ಲಿ ಬ್ಲೇಡಿನ ಪಕ್ಕ ಬೆರಳು ಹೋಗುವಷ್ಟು ಜಾಗ ಇರುತ್ತದೆ. ತೆಳು ಪಟ್ಟಿ ಅದರೊಳಗೆ ಇಳಿದು ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನೇ ಅಚ್ಚಿಟ್ಟು ಪ್ಲೈವುಡ್ಡಿನಲ್ಲಿ ಇನ್ನೊಂದು ತಟ್ಟೆ ಕತ್ತರಿಸಿ, ಟೇಬಲ್ ಮಟ್ಟಕ್ಕೆ ಸರಿಯಾಗಿ ಕೂರಿಸಿ, ಹಿಂದಿನ ತುದಿ ಏಳದ ಹಾಗೆ ಸ್ಕ್ರೂ ಹಾಕಿ. ಬ್ಲೇಡನ್ನು ಪೂರ್ತಿ ಇಳಿಸಿದರೂ ತಟ್ಟೆಗೆ ತಾಗುತ್ತದೆ ಅಂತಾದರೆ ತಟ್ಟೆಯ ಅಡಿಯಲ್ಲಿ ಉಳಿಯಿಂದ ಸ್ವಲ್ಪ ಗುಳಿ ತೆಗೆಯಬೇಕು. ತಟ್ಟೆಯ ಮೇಲೆ ಅಡ್ಡಲಾಗಿ, ಬ್ಲೇಡ್ ಏಳುವ ಜಾಗ ತಪ್ಪಿಸಿ, ಒಂದು ದಪ್ಪ ರೀಪನ್ನು ಎರಡೂ ತುದಿಯಲ್ಲಿ ಕ್ಲಾಂಪ್ ಮಾಡಿ. ಆಮೇಲೆ ಮೆಷಿನ್ ಚಾಲೂ ಮಾಡಿ ಬ್ಲೇಡನ್ನು ನಿಧಾನವಾಗಿ ಏರಿಸಿ. ಬ್ಲೇಡ್ ತನಗೆ ಬೇಕಾದಷ್ಟೇ ಸಂದು ತೆಗೆದುಕೊಳ್ಳುತ್ತದೆ. ಈ ತಟ್ಟೆಯಿಂದ ಕೊಯ್ತದ ಅಡಿ ಅಂಚೂ ಕಿತ್ತು ಬರುವುದಿಲ್ಲ.

ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ತಟ್ಟೆ ಹೊರತೆಗೆಯಿರಿ. ಆ ಸಂದನ್ನು ಕೈಗರಗಸದಲ್ಲಿ ಹಿಂದಕ್ಕೆ ಇನ್ನೆರಡು ಇಂಚು ನೇರವಾಗಿ ಮುಂದುವರಿಸಿ. ಅದರಲ್ಲಿ ಬೆಣೆಯನ್ನು ಗೋಂದು ಹಾಕಿ ನಿಲ್ಲಿಸಿ. ನಾನು ಬಲಿತ ಬಿದಿರಿನ ಹೊರ ಸಿಪ್ಪೆಯ ಭಾಗ ಬಳಸಿದೆ. ನಾರು ಮೇಲಕ್ಕೆ ನಿಲ್ಲುವ ಹಾಗಿರಲಿ, ಅಡ್ಡ ನಾರಿನದು ಪಟ್ಟನೆ ಮುರಿಯುತ್ತದೆ. 1 ಮಿ.ಮೀ. ಸನ್‌ಮೈಕಾದ ಎರಡು ತುಂಡನ್ನು ಬೆನ್ನಿಗೆ ಬೆನ್ನು ಅಂಟಿಸಿದರೂ ನಡೆಯುತ್ತದೆ. ದಪ್ಪ ಎಷ್ಟಿರಬೇಕು? ಬ್ಲೇಡಿನ ತಗಡಿಗಿಂತ ಜಾಸ್ತಿ, ಹಲ್ಲಿನ ಅಗಲಕ್ಕಿಂತ ಕಡಿಮೆ. ನನ್ನ ಬ್ಲೇಡ್ ಕೊಯ್ಯುವುದು 2.6 ಮಿ.ಮೀ. ಬೆಣೆಯನ್ನು 2.3ಕ್ಕೆ ಉಜ್ಜಿದ್ದೇನೆ. ಫೆನ್ಸ್ ಕಡೆಯ ಮುಖ ಹಲ್ಲಿನ ಅದೇ ಕಡೆಯ ಅಂಚಿಗೆ ಸಮವಾಗಿರಬೇಕು. ಒಂದು ನೇರ ಪಟ್ಟಿಯನ್ನು ಹಲ್ಲಿಗೂ ಬೆಣೆಗೂ ತಾಗಿಸಿ ನೋಡಿದರೆ ಗೊತ್ತಾಗುತ್ತದೆ. ಬೆಣೆ ಫೆನ್ಸಿನ ಕಡೆಗೆ ಸ್ವಲ್ಪ ಚಾಚಿದರೂ ಮರ ಅಲ್ಲಿ ಬಂದು ನಿಂತುಬಿಡುತ್ತದೆ. ಹಾಗೆ ನಿಂತಾಗ ಜೋರು ಮಾಡಿ ತಳ್ಳಬೇಡಿ. ಆಫ್ ಮಾಡಿ ಬೆಣೆ ಉಜ್ಜಿ.

ತೀರಾ ಹಟಮಾರಿ ಮರಕ್ಕೆ ಇನ್ನೊಂದು ಉಪಾಯ ಇದೆ. ಫೆನ್ಸಿಗೆ ಒಂದು ಮೋಟು ಹಲಗೆ ಕಟ್ಟಿ. ಅದು ನಿಮ್ಮ ಕಡೆಯಿಂದ ಶುರುವಾಗಿ ಬ್ಲೇಡಿನ ನಡುವಿಗೆ ಮುಗಿಯಬೇಕು. ಅದರಿಂದಾಚೆ ಮರಕ್ಕೂ ಫೆನ್ಸಿಗೂ ನಡುವೆ ಮುಕ್ಕಾಲು ಇಂಚು ಖಾಲಿ ಜಾಗ ಸಿಗುತ್ತದೆ. ಸೀಳಿದ ಭಾಗ ಬಾಗುವುದಾದರೆ ಆ ಕಡೆಗೆ ಬಾಗಿಕೊಳ್ಳಲಿ. ಘನ ಮರ ಸೀಳುವಾಗ ನಾನು ಈ ಮೋಟು ಫೆನ್ಸನ್ನು ಬಿಚ್ಚುವುದೇ ಇಲ್ಲ.

ಅಷ್ಟಾದರೂ ಮರ ಹಿಡಿದರೆ? ಹಲಗೆಯನ್ನು ಹಿಂದಕ್ಕೆ ಎಳೆಯುವುದೇ ಎಲ್ಲರ ಮೊದಲ ಯೋಚನೆ. ಅದನ್ನೇ ಮಾಡಬಾರದು. ಹಲಗೆಯನ್ನು ಇದ್ದಲ್ಲೇ ಅದುಮಿ ಹಿಡಿದು ಮೆಷಿನ್ ಆಫ್ ಮಾಡಿ. ಬ್ಲೇಡ್ ಪೂರ್ತಿ ನಿಲ್ಲಲಿ. ಆಮೇಲೆ ಸಂದಿನ ತುದಿಯಲ್ಲಿ ಒಂದು ಬೆಣೆ ಹೊಡೆದು ಅಗಲಿಸಿ, ಹಲಗೆಯನ್ನು ಬ್ಲೇಡಿಗೆ ತಾಗದಷ್ಟು ಹಿಂದೆ ತಂದು, ಮತ್ತೆ ಶುರು ಮಾಡಿ.

ಮೊಣಕಾಲಿಗೆ ಸಿಗುವ ಸ್ವಿಚ್

ಹಲಗೆ ಅದುಮಿ ಹಿಡಿದಿರುವಾಗ ಸ್ವಿಚ್ ಹುಡುಕಲು ಬಗ್ಗುವುದು ಹೇಗೆ? ಈ ಒಂದು ಕಾರಣಕ್ಕೇ ನಾನು ಮಾಡಿದ ಸಲಕರಣೆಗಳಲ್ಲಿ ಅತಿ ಹೆಚ್ಚು ಉಪಕಾರಿ ಯಾವುದು ಅಂದರೆ ಪ್ಲೈವುಡ್ಡಿನ ಒಂದು ತೂಗುಹಲಗೆ. ಸ್ವಿಚ್ಚಿನ ಮೇಲ್ಗಡೆ ಬಾಗಿಲಿನ ಕೀಲು ಹಾಕಿ ಅಂಗೈ ಅಗಲದ ಹಲಗೆ ಇಳಿಬಿಡಿ. ಹಸಿರು ಬಟನ್ ಇರುವಲ್ಲಿ ಬೆರಳು ಹೋಗುವ ತೂತು. ಕೆಂಪು ಬಟನ್ ಇರುವಲ್ಲಿ ಒಳಗಡೆ ಒಂದು ಗುಬುಟು ಮರ. ಹಲಗೆಯನ್ನು ಮೊಣಕಾಲಿನಿಂದಲೋ ತೊಡೆಯಿಂದಲೋ ಒತ್ತಿದರೆ ಮೆಷಿನ್ ಆಫ್. ಒಂದು ಗಂಟೆಯ ಕೆಲಸ. ಈಗ ಕಣ್ಣು ಮುಚ್ಚಿಯೂ ನನ್ನ ಕಾಲು ಅಲ್ಲಿಗೆ ಹೋಗುತ್ತದೆ.

ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ಉಪಯೋಗ ಇದೆ. ಸೀಳುತ್ತಿರುವಾಗಲೇ ಕರೆಂಟ್ ಹೋಗುತ್ತದೆ, ಅಲ್ವಾ? ಬ್ಲೇಡ್ ನಿಂತಿತು, ಸರಿ, ಚಹಾ ಕುಡಿದು ಬರೋಣ ಅಂತ ಹೊರಟರೆ ಮೆಷಿನ್ ಇನ್ನೂ ಆನ್ ಆಗಿಯೇ ಇರುತ್ತದೆ. ಮಾಮೂಲಿ ಸ್ವಿಚ್ ಆದರೆ ಕರೆಂಟ್ ಬಂದ ಕೂಡಲೇ ಮರ ಬ್ಲೇಡಿನಲ್ಲಿ ಸಿಕ್ಕಿಕೊಂಡಿರುವ ಹಾಗೇ ಅದು ತಿರುಗಲು ಶುರು ಮಾಡುತ್ತದೆ. ಆಗ ಯಾರ ಕೈ ಎಲ್ಲಿರುತ್ತದೋ. ಕರೆಂಟ್ ಹೋದರೆ ಮೊದಲು ಸ್ವಿಚ್, ಆಮೇಲೆ ಪ್ಲಗ್. ಬೇರೆ ಯಾವ ಕೆಲಸವೂ ಅದಕ್ಕಿಂತ ಮುಂಚೆ ಇಲ್ಲ.

ವೋಲ್ಟೇಜ್ ಕಡಿಮೆ ಇದ್ದರೂ ಮರ ಹಿಡಿದ ಹಾಗೇ ಸದ್ದು ಕುಗ್ಗುತ್ತದೆ. ಸಂಜೆ ಹೊತ್ತು, ಪಂಪ್‌ಸೆಟ್ ಓಡುವ ಹೊತ್ತು ಮಾತ್ರ ಹೀಗಾಗುತ್ತಿದ್ದರೆ ಮರದ ಮೇಲೆ ತಪ್ಪು ಹೊರಿಸಬೇಡಿ. ಉದ್ದದ ತೆಳು ಎಕ್ಸ್‌ಟೆನ್ಶನ್ ವೈರ್ ಕೂಡ ಇದೇ ತೊಂದರೆ ಕೊಡುತ್ತದೆ. ಮುಟ್ಟಿ ನೋಡಿ, ಬಿಸಿಯಾಗಿದ್ದರೆ ದಪ್ಪ ವೈರ್ ಹಾಕಿಸಿ.

ಮರ ಫೆನ್ಸ್ ಬಿಟ್ಟು ಸರಿಯುತ್ತಿದ್ದರೆ

ಸಾಮಿಲ್ಲಿನಿಂದ ಬಂದ ಹಲಗೆಯ ಅಂಚು ನೇರ ಇರುವುದು ಅಪರೂಪ. ಬಾಗಿದ ಅಂಚನ್ನು ಫೆನ್ಸಿಗೆ ಒರಗಿಸಿದರೆ ಹಲಗೆ ಮುಂದೆ ಹೋಗುತ್ತಾ ತೂಗಾಡುತ್ತದೆ, ಓರೆಯಾಗುತ್ತದೆ, ಹಿಂದಿನ ಹಲ್ಲಿಗೆ ಮೂಲೆ ಕೊಡುತ್ತದೆ. ಮೊದಲು ದಾರ ಎಳೆದು ನೋಡಿ. ನೇರ ಇಲ್ಲದಿದ್ದರೆ ತೋಪಡ ಹೊಡೆದು ನೇರ ಮಾಡಿ. ಉದ್ದ ಹಲಗೆಗೆ ಅಷ್ಟು ಶ್ರಮ ಬೇಡ ಅಂದರೆ, ಕಾರ್ಖಾನೆ ಅಂಚು ಇರುವ ಐದಡಿ ಉದ್ದದ ಪ್ಲೈವುಡ್ ಪಟ್ಟಿ ತೆಗೆದುಕೊಳ್ಳಿ. ಅದರ ಮೇಲೆ ಹಲಗೆಯನ್ನು ಇಟ್ಟು, ಸೊಟ್ಟ ಅಂಚು ಬ್ಲೇಡಿನ ಕಡೆಗೆ ಹೊರಚಾಚುವ ಹಾಗೆ ಎರಡು ಸ್ಕ್ರೂ ಹಾಕಿ. ಸ್ಕ್ರೂ ಬ್ಲೇಡಿನ ದಾರಿಯಲ್ಲಿ ಬರಬಾರದು. ಪ್ಲೈವುಡ್ಡಿನ ನೇರ ಅಂಚು ಫೆನ್ಸಿಗೆ ಒರಗಿ ಸಾಗುತ್ತದೆ, ಹಲಗೆಗೆ ನೇರ ಅಂಚು ಬರುತ್ತದೆ. ಇನ್ನೊಂದು ಅಂಚನ್ನು ಆಮೇಲೆ ಸ್ಕ್ರೂ ಬಿಚ್ಚಿ ಮಾಮೂಲಿಯಾಗಿ ಸೀಳಬಹುದು.

ಅಂಚು ನೇರ ಇದ್ದೂ ಮರ ಸರಿಯುತ್ತಿದ್ದರೆ ಬಾಚಣಿಗೆ ಹಲಗೆ ಬೇಕು. ಅಂಗೈ ಅಗಲದ, ಗಂಟಿಲ್ಲದ, ನಾರು ನೇರ ಇರುವ ಒಂದು ಹಲಗೆಯ ತುದಿಯನ್ನು 30 ಡಿಗ್ರಿ ಓರೆಗೆ ಕತ್ತರಿಸಿ. ಆ ತುದಿಯಿಂದ ಒಳಕ್ಕೆ ಎರಡು ಇಂಚು ಆಳಕ್ಕೆ, ಸುಮಾರು 4 ಮಿ.ಮೀ. ದಪ್ಪದ ಬೆರಳು ಉಳಿಯುವ ಹಾಗೆ ಸಾಲಾಗಿ ಸಂದು ತೆಗೆಯಿರಿ. ಮೊದಲನೆಯದನ್ನು ಕೈಗರಗಸದಲ್ಲೇ ಮಾಡಿ, ಅವಸರ ಬೇಡ. ಬೆರಳುಗಳು ಮುಂದಕ್ಕೆ ವಾಲಿರುವ ಹಾಗೆ ಇದನ್ನು ಟೇಬಲ್ಲಿಗೆ ಕ್ಲಾಂಪ್ ಮಾಡಿದರೆ ಅವು ಸ್ವಲ್ಪ ಬಾಗಿ ಮರವನ್ನು ಫೆನ್ಸಿಗೆ ಒತ್ತುತ್ತವೆ. ಮರ ಮುಂದೆ ಹೋಗುತ್ತದೆ, ಹಿಂದೆ ಬರಲು ಹೋದರೆ ಬೆರಳುಗಳು ಕಚ್ಚಿ ಹಿಡಿಯುತ್ತವೆ. ಮೆಷಿನ್ ಆಫ್ ಇರುವಾಗ ಮರವನ್ನು ಕೈಯಲ್ಲಿ ಹಿಂದಕ್ಕೆ ಎಳೆದು ನೋಡಿ. ಸಲೀಸಾಗಿ ಬಂದರೆ ಬಿಗಿ ಸಾಲದು. ಮುಂದಕ್ಕೇ ತಳ್ಳಲಾಗದಿದ್ದರೆ ಜಾಸ್ತಿಯಾಯಿತು.

ಇದನ್ನು ಎಲ್ಲಿ ಕಟ್ಟಬೇಕು ಅನ್ನುವುದರಲ್ಲೇ ಹೆಚ್ಚು ಜನ ತಪ್ಪುತ್ತಾರೆ. ಬೆರಳುಗಳೆಲ್ಲ ಬ್ಲೇಡಿನ ಮೊದಲ ಹಲ್ಲಿಗಿಂತ ನಿಮ್ಮ ಕಡೆಗೇ ಇರಬೇಕು. ಬ್ಲೇಡಿನ ಪಕ್ಕಕ್ಕೆ ಬಂದರೆ ಅದು ಸೀಳಿದ ತುಂಡನ್ನು ಬ್ಲೇಡಿಗೆ ಒತ್ತಿ ಸಂದು ಮುಚ್ಚುತ್ತದೆ. ಅಂದರೆ ನಾವು ತಪ್ಪಿಸಲು ಹೊರಟದ್ದನ್ನು ನಾವೇ ಕಟ್ಟಿಟ್ಟ ಹಾಗಾಯಿತು. ಒಂದೇ ಕ್ಲಾಂಪ್ ಇದ್ದರೆ ಹಲಗೆ ಗಿರ್ರನೆ ತಿರುಗುತ್ತದೆ, ಹಿಂದೆ ಒಂದು ಒತ್ತುಮರ ಇಟ್ಟು ಅದಕ್ಕೂ ಕ್ಲಾಂಪ್ ಹಾಕಿ.

ತೆಳು ಪಟ್ಟಿ ಬಾಣದ ಹಾಗೆ ಹೋಗುತ್ತಿದ್ದರೆ

ಜೇನು ಚೌಕಟ್ಟು ಮಾಡುವವರಿಗೆ ಇದೇ ದೊಡ್ಡ ತಲೆನೋವು. ಫೆನ್ಸನ್ನು ಬ್ಲೇಡಿಗೆ 10 ಮಿ.ಮೀ. ಹತ್ತಿರ ಇಟ್ಟು ಒಂದೇ ಸಮನೆ ಪಟ್ಟಿ ಸೀಳುವುದು ಬೇಗ ಆಗುತ್ತದೆ, ನಿಜ. ಆದರೆ ಸೀಳಿದ ಪಟ್ಟಿ ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಅದನ್ನು ತಳ್ಳಲು ಕೋಲಿಗೂ ಜಾಗ ಇಲ್ಲ. ತಳ್ಳುವುದು ನಿಲ್ಲಿಸಿದ ಕ್ಷಣ ಅದು ಹಿಂದಕ್ಕೆ ಹಾರುತ್ತದೆ.

ಪಟ್ಟಿ ಬ್ಲೇಡಿನ ಆಚೆ ಬದಿಗೆ ಬೀಳಲಿ, ದಪ್ಪ ಹಲಗೆ ಫೆನ್ಸ್ ಕಡೆ ಇರಲಿ. ಹಾಗೆ ಮಾಡಿದರೆ ಪ್ರತಿ ಸಲ ಫೆನ್ಸ್ ಸರಿಸಬೇಕು, ಎಲ್ಲ ಪಟ್ಟಿ ಒಂದೇ ದಪ್ಪ ಬರಬೇಕಲ್ಲ? ಅದಕ್ಕೆ ಬ್ಲೇಡಿನ ಎಡಕ್ಕೆ, ಬ್ಲೇಡಿಗಿಂತ ಒಂದು ಗೇಣು ಈಚೆ, ಒಂದು ಮರದ ಗುಬುಟು ಕ್ಲಾಂಪ್ ಮಾಡಿ ಅದರ ತುದಿಗೆ ಸ್ಕ್ರೂ ಹಾಕಿ. ಸ್ಕ್ರೂವಿನ ತಲೆಯಿಂದ ಹಲ್ಲಿನ ರೇಖೆಗೆ 10 ಮಿ.ಮೀ. ಇರಲಿ. ಪ್ರತಿ ಸಲ ಹಲಗೆಯನ್ನು ಆ ಸ್ಕ್ರೂವಿಗೆ ತಾಗುವ ತನಕ ಫೆನ್ಸ್ ಜೊತೆ ಸರಿಸಿ, ಬಿಗಿ ಮಾಡಿ, ಸೀಳಿ. ನಾನು ಮೊದಲಿಂದಲೂ ಪಟ್ಟಿ ಆಚೆ ಬೀಳುವ ಹಾಗೇ ಸೀಳುತ್ತಿದ್ದೆ. ಆದರೆ ಹೀಗೆ ಫೆನ್ಸನ್ನು ಪದೇ ಪದೇ ಬಿಚ್ಚಿ ಬಿಗಿ ಮಾಡುವಾಗಲೇ ನನ್ನದು ಓರೆಯಾದದ್ದು ಅಂತ ಆಮೇಲೆ ತಿಳಿಯಿತು. ಹಾಗಾಗಿ ಈಗ ಐದಾರು ಪಟ್ಟಿಗೊಮ್ಮೆ ಸ್ಕ್ರೂ ಅಳತೆಗೋಲು ಇಟ್ಟು ನೋಡುತ್ತೇನೆ.

ತಳ್ಳಲು ಏನು ಬಳಸುತ್ತೀರಿ ಅನ್ನುವುದೂ ಮುಖ್ಯ. ತುದಿಯಲ್ಲಿ ಹಕ್ಕಿ ಕೊಕ್ಕಿನ ಹಾಗೆ ಕಚ್ಚು ಇರುವ ಕೋಲನ್ನು ಎಲ್ಲರೂ ಮಾಡುತ್ತಾರೆ. ಅದು ಹಿಂದಿನ ಅಂಚನ್ನು ಮಾತ್ರ ತಳ್ಳುತ್ತದೆ, ಮುಂದೆ ಮರ ಏಳುವುದನ್ನು ತಡೆಯುವುದಿಲ್ಲ. ನಾನು ಇಷ್ಟಪಡುವುದು ತಳ್ಳುಹಲಗೆ. 18 ಮಿ.ಮೀ. ಪ್ಲೈವುಡ್ಡಿನಲ್ಲಿ ಒಂದು ಗೇಣು ಉದ್ದದ ಅಡಿ, ಮೇಲೆ ಕೈಗರಗಸದ ಹಿಡಿಯ ಹಾಗೆ ಹಿಡಿ, ಹಿಂದೆ ಕೆಳಗೆ ಒಂದು ಹಿಮ್ಮಡಿ. ಅಡಿ ಮರವನ್ನು ಉದ್ದಕ್ಕೂ ಅದುಮುತ್ತದೆ, ಹಿಮ್ಮಡಿ ತಳ್ಳುತ್ತದೆ. ಹಿಮ್ಮಡಿ ಮರದ ದಪ್ಪಕ್ಕಿಂತ ಕಡಿಮೆ ಇಳಿದಿರಬೇಕು, ಇಲ್ಲದಿದ್ದರೆ ಅಡಿ ಮರಕ್ಕೆ ತಾಗುವುದೇ ಇಲ್ಲ. ಹಿಡಿ ಬ್ಲೇಡಿಗಿಂತ ಚೆನ್ನಾಗಿ ಎತ್ತರದಲ್ಲಿರಲಿ. ಬ್ಲೇಡ್ ಅದರ ಅಡಿಯನ್ನು ಕೊಯ್ದರೆ ಕೊಯ್ಯಲಿ, ಅದು ಇರುವುದೇ ಅದಕ್ಕೆ. ಹಾಳಾದಾಗ ಇನ್ನೊಂದು ಕತ್ತರಿಸಿ. ಕಬ್ಬಿಣದ್ದು ಮಾತ್ರ ಬೇಡವೇ ಬೇಡ.

ಬ್ಲೇಡಿನ ಸುತ್ತ ಆರು ಇಂಚು ದೂರಕ್ಕೆ ಟೇಬಲ್ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದೇನೆ. ಆ ಗೆರೆಯ ಒಳಗೆ ತಳ್ಳುಹಲಗೆ ಹೋಗುತ್ತದೆ, ಕೈ ಹೋಗುವುದಿಲ್ಲ. ಬ್ಲೇಡಿನ ಹಲ್ಲು ಮರದ ಮೇಲೆ 5–6 ಮಿ.ಮೀ. ಕಂಡರೆ ಸಾಕು.

ಉದ್ದ ಹಲಗೆಯ ಕೊನೆ

ಆರಡಿ ಹಲಗೆ ಕೊನೆಗೆ ಬರುವಾಗ ಮುಂದಿನ ಭಾರಕ್ಕೆ ಬಾಗಿ ಟೇಬಲ್ ಬಿಟ್ಟು ಏಳುತ್ತದೆ. ಅದನ್ನು ಅದುಮಲು ಕೈ ಬ್ಲೇಡಿನ ಹತ್ತಿರ ಹೋಗುತ್ತದೆ. ಆಚೆ ಕಡೆ ಒಂದು ಆಸರೆ ಬೇಕೇ ಬೇಕು. ಪಿವಿಸಿ ಪೈಪಿನ ರೋಲರ್ ಮಾಡಿ ನೋಡಿದೆ. ಅದು ಸ್ವಲ್ಪ ಓರೆ ಇದ್ದರೂ ಹಲಗೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಈಗ ಟೇಬಲ್ಲಿಗಿಂತ 2 ಮಿ.ಮೀ. ತಗ್ಗಿನಲ್ಲಿ ನುಣುಪಾದ ಪ್ಲೈವುಡ್ ಇಟ್ಟು ಮೇಣದಬತ್ತಿ ಉಜ್ಜಿದ್ದೇನೆ. ಯಾರನ್ನಾದರೂ ಆಚೆ ನಿಲ್ಲಿಸಿ ಹಿಡಿಸುವುದಾದರೆ ಅವರು ಹಲಗೆಯನ್ನು ಕೆಳಗಿಂದ ಹೊರಬೇಕಷ್ಟೆ, ಎಳೆಯಬಾರದು.

ಒಂದು ಗೇಣಿಗಿಂತ ಗಿಡ್ಡ ತುಂಡನ್ನು ಟೇಬಲ್ ಗರಗಸದಲ್ಲಿ ಸೀಳಬೇಡಿ. ಅದಕ್ಕೆ ಯಾವ ಸಲಕರಣೆಯೂ ಸಾಲದು, ಕೈಗರಗಸ ತೆಗೆದುಕೊಳ್ಳಿ. ಹೆಗಲ ಮೇಲಿನ ಟವೆಲ್, ಇಳಿಬಿದ್ದ ಪಂಚೆ, ಕೈಗವಸು, ಬಳೆ, ವಾಚು ಇವೆಲ್ಲ ಹೊರಗೇ ಇರಲಿ. ಕಣ್ಣಿಗೆ ಕನ್ನಡಕ ಇರಲಿ. ನಿಲ್ಲುವುದು ಬ್ಲೇಡಿನ ನೇರಕ್ಕಲ್ಲ, ಎಡಕ್ಕೆ ಒಂದು ಹೆಜ್ಜೆ ಸರಿದು. ನಾನು ಆ ದಿನ ನೇರ ನಿಂತಿದ್ದೆ. ನಿಮ್ಮ ಬೆನ್ನ ಹಿಂದೆ ಮಕ್ಕಳು ಬಂದು ನಿಲ್ಲದ ಹಾಗೆ ಕೊಟ್ಟಿಗೆಯ ಬಾಗಿಲು ಹಾಕಿಕೊಳ್ಳಿ. ನನ್ನ ಹಲಗೆ ಬಡಿದದ್ದು ಆ ಬಾಗಿಲಿಗೇ.

ಮಳೆಗಾಲದಲ್ಲಿ ಮತ್ತೊಮ್ಮೆ

ನಮ್ಮ ಕಡೆ ಜೂನ್ ಕಳೆಯುವಷ್ಟರಲ್ಲಿ ಮರ, ಪ್ಲೈವುಡ್ ಎರಡೂ ಉಬ್ಬುತ್ತವೆ. ಸ್ಲಾಟಿನಲ್ಲಿ ಸಲೀಸಾಗಿ ಜಾರುತ್ತಿದ್ದ ಪಟ್ಟಿ ಬಿಗಿಯಾಗುತ್ತದೆ. ಬ್ಲೇಡ್ ಸುತ್ತಲಿನ ತಟ್ಟೆ ಕೂದಲೆಳೆಯಷ್ಟು ಮೇಲೇಳುತ್ತದೆ, ಹಲಗೆಯ ಮೂಗು ಅದಕ್ಕೆ ತಾಗಿ ನಿಲ್ಲುತ್ತದೆ. ಬಿದಿರಿನ ಬೆಣೆ ನನ್ನದರಲ್ಲಿ 2.3 ಇದ್ದದ್ದು 2.5 ಆಗಿತ್ತು, ಸಂದಿನಲ್ಲಿ ಹೋಗಲು ತಕರಾರು ಮಾಡಿತು. ಹಾಗಾಗಿ ಮಳೆ ಹಿಡಿದ ಮೇಲೆ ಮೊದಲ ಸಲ ಮೆಷಿನ್ ಚಾಲೂ ಮಾಡುವ ಮುಂಚೆ ಪ್ಲಗ್ ಕಿತ್ತಿಟ್ಟುಕೊಂಡು ಇವನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, ಬೇಕಾದಲ್ಲಿ ಉಪ್ಪುಕಾಗದ ಹಾಕಿ ಉಜ್ಜಿ, ಮೇಣ ಸವರಿ. ಆಮೇಲೆ ಒಂದು ಬೇಡದ ತುಂಡನ್ನು ಸೀಳಿ, ಎರಡೂ ಮುಖ ಬೆಳಕಿಗೆ ಹಿಡಿದು ನೋಡಿ. ಕಲೆ ಇಲ್ಲದಿದ್ದರೆ ಒಳ್ಳೆ ಹಲಗೆ ಎತ್ತಿಕೊಳ್ಳಬಹುದು.